ಓದುಗರ ಪ್ರಶ್ನೆ: ವಿಸ್ತೀರ್ಣಕ್ಕೆ ಇಲ್ಲದ ವರ್ಗಮೂಲ ಉದ್ದಕ್ಕೆ ಯಾಕೆ?

ಚಿಂತಾಮಣಿಯಿಂದ ಬಿ.ಎಸ್ಸಿ. ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ: "ವಕ್ರರೇಖೆಯ ಕೆಳಗಿನ ವಿಸ್ತೀರ್ಣಕ್ಕೆ ತೆಳ್ಳನೆಯ ಆಯತಗಳನ್ನು ಕೂಡಿದರೆ ಸಾಕು, ಮೇಲಿನ ಓರೆಯನ್ನು ಯಾರೂ ಕೇಳುವುದಿಲ್ಲ. ಅದೇ ರೇಖೆಯ ಉದ್ದಕ್ಕೆ √(1 + (ವೈ′)²) ಯಾಕೆ ಬೇಕು?"

ಒಳ್ಳೆಯ ಪ್ರಶ್ನೆ. (ವೈ′ ಎಂದರೆ ಆಯಾ ಜಾಗದಲ್ಲಿ ರೇಖೆಯ ಓರೆ ಎಷ್ಟು ಎಂಬ ಅಳತೆ.) ಸೂತ್ರ ಬಾಯಿಪಾಠ ಮಾಡಿದ ಬಹಳ ಜನಕ್ಕೆ ಈ ಅನುಮಾನ ಬರುವುದೇ ಇಲ್ಲ.

ಸುಲ್ತಾನಪೇಟೆ ಕಡೆಯಿಂದ ನಂದಿಬೆಟ್ಟದ ಮೆಟ್ಟಿಲು ಹತ್ತಿದ್ದೀರಲ್ವಾ? ಆ ಮೆಟ್ಟಿಲಿಗೆ ಅಂಟಿಸಿಕೊಂಡು ಒಂದು ದಾರ ಹಾಸುತ್ತಾ ಹೋಗಿ, ಸ್ವಲ್ಪ ಅಡ್ಡ, ಸ್ವಲ್ಪ ಮೇಲೆ, ಮತ್ತೆ ಅಡ್ಡ. ದಾರದ ಉದ್ದ ಎಂದರೆ ಅಡ್ಡ ಹೋದದ್ದೂ ಏರಿದ್ದೂ ಕೂಡಿದಷ್ಟು. ಒಂದೊಂದು ಮೆಟ್ಟಿಲನ್ನೂ ಸಾವಿರ ಪುಟ್ಟ ಮೆಟ್ಟಿಲಾಗಿ ಕಡಿದರೂ ದಾರ ಒಂದಿಂಚೂ ಕಮ್ಮಿಯಾಗುವುದಿಲ್ಲ! ಕಣ್ಣಿಗೆ ನುಣ್ಣನೆಯ ಇಳಿಜಾರು, ಅಳತೆಗೆ ಮಾತ್ರ ಅಲ್ಲ. 1 ಮೀಟರ್ ಅಡ್ಡ, 1 ಮೀಟರ್ ಎತ್ತರವಿದ್ದರೆ ಇಳಿಜಾರು ಸುಮಾರು 1.414, ಮೆಟ್ಟಿಲು ಯಾವಾಗಲೂ 2.

ವಿಸ್ತೀರ್ಣದಲ್ಲಿ ಬಿಟ್ಟುಹೋಗುವುದು ಆಯತದ ತಲೆ ಮೇಲಿನ ಪುಟ್ಟ ತ್ರಿಕೋನ. ತುಂಡಿನ ಅಗಲವನ್ನು ಹತ್ತನೇ ಒಂದು ಮಾಡಿದರೆ ಆ ತ್ರಿಕೋನ ಸುಮಾರು ನೂರನೇ ಒಂದಾಗುತ್ತದೆ, ತುಂಡುಗಳು ಹತ್ತು ಪಟ್ಟಾದರೂ ಒಟ್ಟು ತಪ್ಪು ಇಳಿಯುತ್ತಾ ಹೋಗಿ ಸೊನ್ನೆಗೆ ಹತ್ತಿರವಾಗುತ್ತದೆ. ಉದ್ದದಲ್ಲಿ ಹಾಗಲ್ಲ. ಓರೆ ಬಿಟ್ಟು ಅಡ್ಡ ಮಾತ್ರ ಅಳೆದರೆ ಒಂದು ತುಂಡಿನ ತಪ್ಪು ಹತ್ತನೇ ಒಂದಕ್ಕಷ್ಟೇ ಇಳಿಯುತ್ತದೆ, ತುಂಡುಗಳೋ ಹತ್ತು ಪಟ್ಟು. ತಪ್ಪು ಇದ್ದಲ್ಲೇ ಇರುತ್ತದೆ.

ಅದಕ್ಕೇ ಓರೆಯನ್ನೇ ಅಳೆಯಬೇಕು. ಪುಟ್ಟ ತುಂಡು ಅಡ್ಡ ಹೋದದ್ದು ಡಿಎಕ್ಸ್, ಏರಿದ್ದು ಡಿವೈ ಎಂದರೆ, ಪೈಥಾಗೊರಸ್ ಪ್ರಕಾರ ಅದರ ಉದ್ದ √(ಡಿಎಕ್ಸ್² + ಡಿವೈ²). ಅದರಿಂದ ಡಿಎಕ್ಸ್ ಹೊರಗೆ ತೆಗೆದರೆ, ಡಿವೈ/ಡಿಎಕ್ಸ್ ಎಂದರೆ ವೈ′ ತಾನೇ, ನಿಮ್ಮ ಸೂತ್ರ ಬಂತು, ಅಷ್ಟೇ.

ವೈ = ಎಕ್ಸ್² ರೇಖೆಯನ್ನು 0ಯಿಂದ 1ರವರೆಗೆ ನಾಲ್ಕೇ ತುಂಡು ಮಾಡಿ ನೋಡಿ: 0.2577, 0.3125, 0.4002, 0.5039. ಕೂಡಿದರೆ 1.4743. ಇಂಟಿಗ್ರೇಷನ್ ಕೊಡುವ ಉತ್ತರ 1.4789. ನಾಲ್ಕೇ ನೇರ ಗೆರೆಗೆ ಇಷ್ಟು ಹತ್ತಿರ ಬಂದದ್ದೇ ದೊಡ್ಡದು.

ತೊಂದರೆ ಇರುವುದು ಆ ವರ್ಗಮೂಲದ ಹಟದಲ್ಲಿ. ಪುಸ್ತಕದ ಲೆಕ್ಕಗಳನ್ನು ಅದು ಸುಲಭವಾಗಿ ಬಿಡಿಸಿಕೊಳ್ಳುವ ಹಾಗೆ ಆರಿಸಿರುತ್ತಾರೆ. ಸೈನ್ ರೇಖೆಯ ಒಂದು ಉಬ್ಬಿನ ಉದ್ದ ಸುಮಾರು 3.82, ಆದರೆ ನಮಗೆ ಗೊತ್ತಿರುವ ಸಾಮಾನ್ಯ ಫಂಕ್ಷನ್‌ಗಳಲ್ಲಿ ಅದರ ಇಂಟಿಗ್ರಲ್ ಬರೆಯಲು ಆಗುವುದಿಲ್ಲ, ಸಿಂಪ್ಸನ್ ನಿಯಮದಂಥ ಅಂದಾಜು ಲೆಕ್ಕದ ದಾರಿ ಹಿಡಿಯಬೇಕು. ವೈ² = ಎಕ್ಸ್³ ಮಾತ್ರ ಸಾಧು. ಅದರ ಉದ್ದವನ್ನು ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ನೀಲ್ 1657ರಲ್ಲೇ, ನ್ಯೂಟನ್‌ನ ಕ್ಯಾಲ್ಕುಲಸ್ ಬರುವ ಮೊದಲೇ ಕಂಡುಹಿಡಿದಿದ್ದ. ಅದರ ಮೇಲಿನ ಕವಲಿನಲ್ಲಿ ಎಕ್ಸ್ 0ಯಿಂದ 4ರವರೆಗೆ ಉದ್ದ (8/27)(10√10 − 1), ಅಂದರೆ 9.07. ಎರಡು ತುದಿಗಳ ನಡುವಿನ ನೇರ ದೂರ √80, ಸುಮಾರು 8.94. ನಿಮ್ಮ ಉತ್ತರ ಇದಕ್ಕಿಂತ ಕಮ್ಮಿ ಬಂದರೆ ಎಲ್ಲೋ ಎಡವಿದ್ದೀರಿ.