ಬಾಣಂತಿ ಬೆಕ್ಕಿಗೆ ಮೊದಲು ಮೂಗು ಬಿಡಿಸಿ

ಮರಿ ಹಾಕಿದ ಬೆಕ್ಕು ಊಟ ಬಿಟ್ಟರೆ ನಮ್ಮ ಕಡೆ ಕಾರಣಗಳಿಗೆ ಬರವೇ ಇಲ್ಲ. ದೃಷ್ಟಿ ತಾಗಿದೆ ಅಂತಾರೆ. ಯಾರೋ ಮರಿ ಮುಟ್ಟಿದ್ದಾರೆ, ಮನುಷ್ಯರ ಕೈ ತಾಗಿದ ಮರಿಯನ್ನು ಅದು ಸೇರಿಸೋದಿಲ್ಲ ಅಂತಾರೆ. ಏಳು ಮನೆ ಸುತ್ತಿಸುವ ಮೊದಲೇ ಹಿಡಿದು ತಂದಿದ್ದಕ್ಕೆ ಹೀಗಾಯಿತು ಅಂತಾನೂ ಹೇಳುತ್ತಾರೆ. ಅದರ ಮೂಗಿನ ತುದಿಯಲ್ಲಿ ಕಪ್ಪಗೆ ಹಕ್ಕಳೆ ಕಟ್ಟಿರುವುದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಬೆಕ್ಕು ಊಟ ಆರಿಸುವುದು ಮುಖ್ಯವಾಗಿ ಮೂಗಿನಿಂದ. ಅದರ ನಾಲಿಗೆಗೆ ಸಿಹಿ ಗೊತ್ತೇ ಆಗುವುದಿಲ್ಲ. ಸಿಹಿ ಗುರುತಿಸುವ ಒಂದು ಜೀನ್ ಬೆಕ್ಕಿನ ಜಾತಿಯಲ್ಲೇ ಕೆಟ್ಟುಹೋಗಿದೆ ಅಂತ 2005ರಲ್ಲಿ ಪತ್ತೆಯಾಯಿತು. ಆದ್ದರಿಂದ ಹಾಲಿಗೆ ಸಕ್ಕರೆ ಹಾಕಿ ಪುಸಲಾಯಿಸುವುದು ಸುಮ್ನೆ. ವಾಸನೆ ಸಿಗದ ಬೆಕ್ಕಿಗೆ ತಟ್ಟೆಯಲ್ಲಿರುವುದು ಊಟ ಅಂತಲೇ ಅನ್ನಿಸುವುದಿಲ್ಲ.

ಶಿಡ್ಲಘಟ್ಟದ ಹತ್ತಿರ ನಮ್ಮ ಪರಿಚಯದವರ ಹುಳು ಮನೆಯಲ್ಲಿ, ಅಂದರೆ ರೇಷ್ಮೆ ಹುಳು ಸಾಕುವ ಮನೆಯಲ್ಲಿ, ಗೋಡೆಗೆ ಒರಗಿಸಿಟ್ಟ ಚಂದ್ರಿಕೆಗಳ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳ) ಹಿಂದೆ ಒಂದು ಬೆಕ್ಕು ಮರಿ ಹಾಕಿತ್ತು. ಅಲ್ಲಿ ಇಲಿ ಕಾಟ ಜಾಸ್ತಿ, ಹಾಗಾಗಿ ಬೆಕ್ಕಿಗೆ ಸ್ವಾಗತ ಇದ್ದೇ ಇರುತ್ತದೆ. ಆದರೆ ಹುಳುವಿನ ಒಂದು ಬೆಳೆ ಮುಗಿದು ಇನ್ನೊಂದು ಬೆಳೆಗೆ ಮೊದಲು ಮನೆಯನ್ನೆಲ್ಲ ಬ್ಲೀಚಿಂಗ್ ಪೌಡರ್ ಹಾಕಿ ಶುದ್ಧ ಮಾಡಬೇಕು. ಆ ಘಾಟಿಗೆ ಸಿಗಬಾರದು ಅಂತ ತಾಯಿ ಮರಿಗಳನ್ನು ನಮ್ಮ ಮನೆಗೆ ತಂದೆವು. ತಾಯಿಗೆ ಕಣ್ಣಲ್ಲಿ ಪಿಸುರು, ಮೂಗಲ್ಲಿ ಸಿಂಬಳ, ಸೀನು. ಬಟ್ಟಲ ಹತ್ತಿರ ಬರುತ್ತಿತ್ತು, ಬಗ್ಗುತ್ತಿತ್ತು, ಮೂಗಾಡಿಸಿ ತಿರುಗಿ ಹೋಗುತ್ತಿತ್ತು.

ಇದು ಬೆಕ್ಕಿನ ನೆಗಡಿ. ಬಹಳ ಸಲ ಇದಕ್ಕೆ ಕಾರಣ ಹರ್ಪಿಸ್ ಗುಂಪಿನ ಒಂದು ವೈರಸ್. ಅದನ್ನು ಮೊದಲು ಬೇರ್ಪಡಿಸಿದ್ದು 1958ರಲ್ಲಿ, ಅಮೆರಿಕದಲ್ಲಿ. ಮರಿಯಾಗಿದ್ದಾಗ ಅಂಟಿದ ಈ ವೈರಸ್ ಬೆಕ್ಕಿನ ನರಗಳಲ್ಲಿ ಜೀವನಪೂರ್ತಿ ಅಡಗಿ ಕೂರುತ್ತದೆ. ಬಾಣಂತನದ ಸುಸ್ತು, ಜಾಗ ಬದಲಾದ ಗಾಬರಿ, ಇಂಥದ್ದೇನಾದರೂ ಆದಾಗ ಮತ್ತೆ ಏಳುತ್ತದೆ. ಅಂದರೆ ಮರಿಗಳಿಗೆ ಹಾಲು ಕೊಡಲು ಎರಡು ಮೂರು ಪಟ್ಟು ಊಟ ಬೇಕಾದ ಹೊತ್ತಿಗೇ ಮೂಗು ಕಟ್ಟುತ್ತದೆ. ಊಟ ನಿಂತರೆ ಮೈಯ ಕೊಬ್ಬೆಲ್ಲ ಕರಗಿ ಲಿವರ್‌ಗೆ ಹರಿಯುತ್ತದೆ. ಬೆಕ್ಕಿನ ಲಿವರ್ ಅಷ್ಟನ್ನು ಸಂಭಾಳಿಸಲಾರದು. ಎರಡು ಮೂರು ದಿನದ ಉಪವಾಸ ನಾಯಿಗೆ ಪರವಾಗಿಲ್ಲ, ಬೆಕ್ಕಿಗೆ ಅದು ಪ್ರಾಣಾಪಾಯ.

ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಮೂಗಿನ ಮೇಲೆ ಸ್ವಲ್ಪ ಹೊತ್ತು ಇಟ್ಟೆ. ಹಕ್ಕಳೆ ನೆನೆದು, ಅಕ್ಕಿಕಾಳಿನಷ್ಟು ಒಂದು ಚೂರು ಹತ್ತಿಗೆ ಅಂಟಿಕೊಂಡು ಬಂತು. ಬಚ್ಚಲುಮನೆಯಲ್ಲಿ ಬಿಸಿನೀರು ತುಂಬಿಸಿ, ಬಾಗಿಲು ಹಾಕಿ, ಆ ಹಬೆಯಲ್ಲಿ ಕೂರಿಸಿಕೊಂಡೆ. ಆಮೇಲೆ ಉಪ್ಪು, ಈರುಳ್ಳಿ ಏನೂ ಹಾಕದೆ ಬೇಯಿಸಿದ ಕೋಳಿಮಾಂಸವನ್ನು ಬೆಚ್ಚಗೆ ಮಾಡಿ ಇಟ್ಟಾಗ ಮೂಗಿನ ಹೊಳ್ಳೆ ಅರಳಿದ್ದು ಕಾಣಿಸಿತು. ಮೊದಲು ರಸ ನೆಕ್ಕಿತು, ನಂತರ ಚೂರಿಗೆ ಬಾಯಿ ಹಾಕಿತು.

ಬೆಚ್ಚಗೆ ಯಾಕೆ? ವಾಸನೆ ಅಂದರೆ ಆಹಾರದಿಂದ ಎದ್ದು ಗಾಳಿಗೆ ಸೇರುವ ಅಣುಗಳು. ಬಿಸಿಯಾದಷ್ಟೂ ಜಾಸ್ತಿ ಏಳುತ್ತವೆ. ಒಲೆ ಮೇಲಿನ ಸಾರು ಬೀದಿಗೆಲ್ಲ ಘಮ್ಮೆನ್ನುತ್ತದೆ, ಫ್ರಿಜ್ಜಿನಲ್ಲಿಟ್ಟ ಅದೇ ಸಾರನ್ನು ಬಗ್ಗಿ ಮೂಸಬೇಕು, ಅಲ್ವಾ? ಅರ್ಧ ಕಟ್ಟಿದ ಮೂಗಿಗೆ ಸಿಗುವುದೇ ಕೆಲವು ಅಣುಗಳು. ಆದ್ದರಿಂದ ಏಳುವುದನ್ನೇ ಹೆಚ್ಚಿಸಬೇಕು. ಆಗಷ್ಟೇ ಹಿಡಿದ ಇಲಿಯ ಮೈ ಬಿಸಿ 37 ಡಿಗ್ರಿಯ ಆಸುಪಾಸು. ಊಟವೂ ಅಷ್ಟೇ ಬೆಚ್ಚಗಿದ್ದರೆ ಸರಿ.

ಮೂಗಿನ ಮಾತು ಬಂದಾಗ ನಮ್ಮ ರೇಷ್ಮೆ ಸೀಮೆಯವರು ಹೆಮ್ಮೆಪಡಬೇಕಾದ ಕತೆಯೊಂದಿದೆ. ಗೂಡು ಒಡೆದು ಬಂದ ರೇಷ್ಮೆ ಚಿಟ್ಟೆ ಏನೂ ತಿನ್ನುವುದಿಲ್ಲ. ಗಂಡಿಗೆ ಹೆಣ್ಣನ್ನು ಹುಡುಕುವುದೊಂದೇ ಕೆಲಸ, ಅದನ್ನೂ ವಾಸನೆಯಿಂದಲೇ ಮಾಡುತ್ತದೆ. ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಬುಟೆನಾಂಟ್ ಆ ವಾಸನೆಯ ಬೆನ್ನು ಹತ್ತಿ ಸುಮಾರು ಇಪ್ಪತ್ತು ವರ್ಷ ದುಡಿದರು. ಸುಮಾರು ಐದು ಲಕ್ಷ ಹೆಣ್ಣು ಚಿಟ್ಟೆಗಳಿಂದ ಕೆಲವೇ ಮಿಲಿಗ್ರಾಂ ವಸ್ತು ತೆಗೆದು, 1959ರಲ್ಲಿ ಅದರ ರಚನೆ ಹೇಳಿದರು. ಅದಕ್ಕೆ ಬಾಂಬಿಕಾಲ್ ಅಂತ ಹೆಸರು. ಜೀವಿಗಳು ಒಂದಕ್ಕೊಂದು ವಾಸನೆಯಿಂದ ಸುದ್ದಿ ಮುಟ್ಟಿಸುವ ಇಂಥ ರಾಸಾಯನಿಕಗಳಲ್ಲಿ ರಚನೆ ಗೊತ್ತಾದ ಮೊದಲನೆಯದು ಅದೇ. ಇಂಥ ರಾಸಾಯನಿಕಗಳಿಗೆ ಫೆರೋಮೋನ್ ಅನ್ನುವ ಹೆಸರು ಹುಟ್ಟಿದ್ದೂ ಅದೇ ವರ್ಷ. ನಮ್ಮ ಹುಳು ಮನೆಗಳಲ್ಲಿ ಬೆಳೆಯುವ ಜೀವಿಯೇ ವಾಸನೆಯ ವಿಜ್ಞಾನಕ್ಕೆ ಬಾಗಿಲು ತೆರೆದಿದ್ದು ಅಂದರೆ ನನಗೆ ಇವತ್ತಿಗೂ ರೋಮಾಂಚನ.

ಬೆಕ್ಕಿನ ಮರಿಗಳ ಬದುಕೂ ವಾಸನೆಯ ಮೇಲೇ ನಿಂತಿದೆ. ಹುಟ್ಟಿದಾಗ ಕಣ್ಣಿಲ್ಲ, ಕಿವಿಯೂ ಮುಚ್ಚಿರುತ್ತದೆ. ಮೊಲೆ ಹುಡುಕುವುದು ಮೂಗಿನಿಂದ. ಕೆಲವೇ ದಿನಗಳಲ್ಲಿ ಬಹುತೇಕ ಮರಿಗಳು ತಮ್ಮ ತಮ್ಮ ಮೊಲೆ ಗೊತ್ತುಮಾಡಿಕೊಂಡುಬಿಡುತ್ತವೆ. ಅಮೆರಿಕದ ಜೇ ರೋಸೆನ್‌ಬ್ಲಾಟ್ ಮತ್ತು ಸಂಗಡಿಗರು 1960ರ ದಶಕದಲ್ಲಿ, ಕಣ್ಣು ಬಿಡದ ಮರಿಗಳು ಕೂಡ ವಾಸನೆ ಹಿಡಿದು ತಮ್ಮ ಗೂಡಿನ ಮೂಲೆಗೆ ತೆವಳಿ ಬರುವುದನ್ನು ತೋರಿಸಿಕೊಟ್ಟರು. ಹಾಗಾಗಿ ಹಾಸಿದ ಬಟ್ಟೆಗಳನ್ನೆಲ್ಲ ಒಟ್ಟಿಗೆ ಒಗೆಯಬೇಡಿ. ಹಳೆಯದೊಂದು ಚೂರು ಬಿಟ್ಟಿರಿ.

ಮನುಷ್ಯರು ಮುಟ್ಟಿದರೆ ತಾಯಿ ಮರಿಯನ್ನು ತಿಂದುಹಾಕುತ್ತದೆ ಅನ್ನುವುದು ಸುಳ್ಳು. ನಾನು ದಿನಾ ಮರಿಗಳನ್ನು ಎತ್ತಿ ತೂಕ ಮಾಡುತ್ತಿದ್ದೆ, ತಾಯಿ ನೆಕ್ಕಿ ಮತ್ತೆ ಹತ್ತಿರ ಎಳೆದುಕೊಳ್ಳುತ್ತಿತ್ತು. ಏಳು ಮನೆ ಲೆಕ್ಕವೂ ಅಷ್ಟೇ. ಗಲಾಟೆ, ಕೊಳೆ, ಅಪಾಯ ಕಂಡರೆ ತಾಯಿ ಜಾಗ ಬದಲಿಸುತ್ತದೆ. ಕತ್ತಲೆಯ, ಸದ್ದಿಲ್ಲದ ರಟ್ಟಿನ ಡಬ್ಬ ಕೊಟ್ಟರೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ನನಗೆ ಭಯ ಇರುವುದು ಮನೆಮದ್ದಿನ ಬಗ್ಗೆ. ನೆಗಡಿ ಅಂದ ಕೂಡಲೇ ವಿಕ್ಸ್, ಕರ್ಪೂರ, ನೀಲಗಿರಿ ಎಣ್ಣೆ ಹಚ್ಚುತ್ತಾರೆ. ಬೆಕ್ಕು ಮೈಯನ್ನೆಲ್ಲ ನೆಕ್ಕಿಕೊಳ್ಳುತ್ತದೆ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡುವುದಂತೂ ವಿಷ ಕೊಟ್ಟ ಹಾಗೆಯೇ. ಅದನ್ನು ಮೈಯಿಂದ ಹೊರಹಾಕಲು ನಮ್ಮ ಲಿವರ್‌ನಲ್ಲಿರುವ ಒಂದು ಕಿಣ್ವ ಬೆಕ್ಕಿನಲ್ಲಿ ಕೆಲಸ ಮಾಡುವುದಿಲ್ಲ. ಹೊರಹೋಗದ ಔಷಧಿ ರಕ್ತವನ್ನೇ ಕೆಡಿಸುತ್ತದೆ. ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಉಸಿರು ಕಟ್ಟುತ್ತದೆ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಫಿನೈಲ್ ಹಾಕಿ ನೆಲ ಒರೆಸುವುದೂ ಇದೇ ಕಾರಣಕ್ಕೆ ಬೇಡ. ಔಷಧಿ ಏನಿದ್ದರೂ ಪಶುವೈದ್ಯರೇ ಕೊಡಲಿ.

ತಾಯಿಗೆ ಹಾಲು ಸಾಲದಿದ್ದರೆ ನಮ್ಮಲ್ಲಿ ಡೈರಿ ಹಾಲಿಗೆ ಕೈ ಹೋಗುತ್ತದೆ. ಅದರಲ್ಲಿರುವ ಪ್ರೊಟೀನು ಬೆಕ್ಕಿನ ಹಾಲಿನದಕ್ಕಿಂತ ಅರ್ಧವೂ ಇಲ್ಲ. ಮರಿಗಳಿಗೆಂದೇ ಹಾಲಿನ ಪುಡಿ ಸಿಗುತ್ತದೆ, ಅದನ್ನೇ ಕೊಡಿ. ಮರಿ ತಣ್ಣಗಿದ್ದರೆ ಮೊದಲು ಮೈ ಬೆಚ್ಚಗಾಗಬೇಕು, ಆಮೇಲೆ ಹಾಲು, ಯಾಕೆಂದರೆ ತಣ್ಣಗಾದ ಮರಿಯ ಕರುಳು ಕೆಲಸ ಮಾಡುವುದೇ ಇಲ್ಲ. ಕುಡಿಸುವಾಗ ಹೊಟ್ಟೆ ಮೇಲೆ ಮಲಗಿಸಿ. ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹುಟ್ಟಿದ ಮರಿ ಸುಮಾರು 100 ಗ್ರಾಂ ಇರುತ್ತದೆ, ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಒಂದು ದಿನ ತೂಕ ಇಳಿದರೂ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ತಾಯಿ ಚೇತರಿಸಿಕೊಂಡಿತು ಅಂತ ಮೈಮರೆಯುವ ಹಾಗಿಲ್ಲ. ಹಾಲಿನಿಂದ ಬಂದ ರಕ್ಷಣೆ ಐದಾರು ವಾರಕ್ಕೆ ಇಳಿಯತೊಡಗುತ್ತದೆ, ಆಗ ಅದೇ ವೈರಸ್ ಮರಿಗಳನ್ನು ಹಿಡಿಯುತ್ತದೆ. ಒಂದು ಬೆಳಗ್ಗೆ ಕಣ್ಣು ಅಂಟಿಕೊಂಡಿರುತ್ತದೆ. ಮೊದಲ ಲಸಿಕೆ ಆರರಿಂದ ಎಂಟು ವಾರದೊಳಗೆ ಬೀಳಲಿ. ತಾಯಿಗೆ ಆಪರೇಷನ್ ಯಾವಾಗ ಅಂತಲೂ ಅವತ್ತೇ ಕೇಳಿಬಿಡಿ, ಮರಿಗಳು ಹಾಲು ಬಿಡುವ ಮೊದಲೇ ಅದು ಮತ್ತೆ ಗಬ್ಬವಾಗಬಹುದು.