ಬೇರಿನ ಬಲದ ಮೇಲೆ ನಿಂತ ಮನೆ

1862ರ ಮೇ 20ರಂದು ಅಬ್ರಹಾಂ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ, ಅಮೆರಿಕದಲ್ಲಿ ಐದು ವರ್ಷ ನೆಲೆ ನಿಂತು ಉತ್ತು ಬಿತ್ತಿದವರಿಗೆ 160 ಎಕರೆ ಜಮೀನು ಸಿಗುತ್ತಿತ್ತು. ಪಾನೀ ಮುಂತಾದ ಮೂಲನಿವಾಸಿಗಳ ಕೈತಪ್ಪಿದ ನೆಲವದು. ಈ ಕಥೆ ಹೇಳುವಾಗ ಅದನ್ನು ಬಿಡಬಾರದು. ಅಮೆರಿಕದ ನಡುಭಾಗದ ನೆಬ್ರಾಸ್ಕ ರಾಜ್ಯದ ಬಯಲಿಗೆ ಬಂದ ಕುಟುಂಬಕ್ಕೆ ಮೊದಲ ಚಿಂತೆ ಸೂರಿನದು. ಹೊಳೆದಂಡೆಯಲ್ಲಿ ಒಂದಿಷ್ಟು ಕಾಟನ್‌ವುಡ್, ವಿಲ್ಲೋ ಬಿಟ್ಟರೆ ಮರವಿಲ್ಲ, ಇಟ್ಟಿಗೆ ಸುಡಲು ಸೌದೆಯೂ ಇಲ್ಲ. ಬೇಕಾದಷ್ಟಿದ್ದದ್ದು ಹುಲ್ಲು. ಹಾಗಾಗಿ ಹುಲ್ಲಿನ ಬೇರು ಹಿಡಿದ ಮಣ್ಣಿನ ಹೆಂಟೆಗಳಿಂದಲೇ ಮನೆ ಕಟ್ಟಿದರು.

ಹೊಲದಲ್ಲಿ ಗರಿಕೆ ಕಿತ್ತವರಿಗೆ ಬೇರಿನ ಹಿಡಿತ ಎಂಥದ್ದೆಂದು ಗೊತ್ತು. ಎಂದೂ ಉಳದ ಪ್ರೇರಿ (ಹುಲ್ಲುಗಾವಲು) ನೆಲದಲ್ಲಿ ಬಹುವಾರ್ಷಿಕ ಹುಲ್ಲುಗಳ ಬೇರು ಒಂದರೊಳಗೊಂದು ಹೆಣೆದುಕೊಂಡು ಮೇಲ್ಮಣ್ಣನ್ನು ಚಾಪೆಯಂತೆ ಹಿಡಿದಿರುತ್ತವೆ. ಸಾಮಾನ್ಯ ನೇಗಿಲು ಅದನ್ನು ಮಗುಚಿ ಪುಡಿಮಾಡುತ್ತದೆ. ಆದ್ದರಿಂದ ಬಳಸುತ್ತಿದ್ದದ್ದು ‘ಗ್ರಾಸ್‌ಹಾಪರ್’ ನೇಗಿಲು. ಮಣ್ಣು ಮಗುಚುವ ತಗಡಿನ ಜಾಗದಲ್ಲಿ ಇದಕ್ಕೆ ಕಬ್ಬಿಣದ ಸರಳುಗಳಿದ್ದು, ಕೊಯ್ದ ಪಟ್ಟಿ ಮುರಿಯದೆ ಅವುಗಳ ಮೇಲೆ ಜಾರಿ ಮಲಗುತ್ತಿತ್ತು.

ಪಟ್ಟಿಯ ಅಗಲ ಸುಮಾರು 12 ಇಂಚು, ದಪ್ಪ 4 ಇಂಚು. ಅದನ್ನು ಸನಿಕೆಯಿಂದ 3 ಅಡಿಗೊಂದರಂತೆ ಕಡಿದರೆ ಒಂದು ಹೆಂಟೆ. ತೂಕ 20 ಕೆಜಿಗೂ ಹೆಚ್ಚು. ನೆಲ ಹದವಾಗಿ ತೇವವಿದ್ದಾಗಲೇ ಕೊಯ್ಯಬೇಕು, ಅದೂ ಆ ದಿನಕ್ಕೆ ಬೇಕಾದಷ್ಟು ಮಾತ್ರ. ಒಣಗಿದರೆ ಅಂಚು ಉದುರುತ್ತದೆ, ಸಾಲು ಕೂರುವುದಿಲ್ಲ.

ಹುಲ್ಲಿನ ಮುಖ ಕೆಳಗೆ ಮಾಡಿ, ಎರಡೆರಡು ಹೆಂಟೆ ಅಕ್ಕಪಕ್ಕ ಇಟ್ಟು, ಸಂದಿನ ಮೇಲೆ ಸಂದು ಬಾರದಂತೆ ಗೋಡೆ ಕಟ್ಟುತ್ತಿದ್ದರು. ಪ್ರತಿ ಮೂರನೆಯ ವರಸೆಯನ್ನು ಅಡ್ಡಲಾಗಿ ಹಾಕದಿದ್ದರೆ ಗೋಡೆ ಉದ್ದಕ್ಕೆ ಸೀಳಿ ಎರಡಾಗುತ್ತದೆ. ಕಿಟಕಿ ಚೌಕಟ್ಟನ್ನು ಮರದ ಗೂಟ ಬಡಿದು ನಿಲ್ಲಿಸಿ, ಅದರ ಮೇಲೆ ಒಂದಷ್ಟು ಜಾಗ ಖಾಲಿ ಬಿಟ್ಟು ಹುಲ್ಲು, ಚಿಂದಿಬಟ್ಟೆ ತುರುಕುತ್ತಿದ್ದರು. ಹಸಿ ಗೋಡೆ ಒಣಗುತ್ತಾ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಜಾಗ ಬಿಡದಿದ್ದರೆ ಗಾಜು ಒಡೆಯುವುದು ಖಂಡಿತ. ಇಂಥ ಸಣ್ಣ ಜಾಣ್ಮೆಯಲ್ಲೇ ಈ ಕಟ್ಟಡವಿದ್ಯೆಯ ದೊಡ್ಡತನ ಕಾಣುತ್ತದೆ. ಒಳಗೋಡೆಯನ್ನು ಸನಿಕೆಯಿಂದ ಹೆರೆದು ನುಣುಪು ಮಾಡಿ, ಜೇಡಿಮಣ್ಣು ಮತ್ತು ಬೂದಿ ಕಲಸಿ ಮೆತ್ತುತ್ತಿದ್ದರು.

ಎರಡಡಿ ದಪ್ಪದ ಮಣ್ಣು ಬಿಸಿಲನ್ನೂ ಚಳಿಯನ್ನೂ ನಿಧಾನವಾಗಿ ಒಳಬಿಡುತ್ತದೆ. ಹಾಗಾಗಿ ಬೇಸಗೆಯಲ್ಲಿ ಮನೆ ತಂಪು. ಹಿಮಗಾಳಿಯಲ್ಲಿ ಒಣ ಸೆಗಣಿ, ಹುರಿ ಹೊಸೆದ ಹುಲ್ಲು, ಮೆಕ್ಕೆಜೋಳದ ದಿಂಡು ಉರಿಸಿದರೂ ಬೆಚ್ಚಗಿರುತ್ತಿತ್ತು.

ಸೋತದ್ದು ಮಾಡು, ಅಂದರೆ ಚಾವಣಿ. ಕವೆಗಂಬದ ಮೇಲೆ ತೊಲೆ, ಅದರ ಮೇಲೆ ವಿಲ್ಲೋ ಕಡ್ಡಿ, ಒಣಹುಲ್ಲು, ಕೊನೆಗೆ ತೆಳುವಾದ ಹೆಂಟೆ. ಮಳೆ ನಿಂತ ಮೇಲೂ ಅದರಿಂದ ಕೆಸರುನೀರು ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಅಡುಗೆ ಮಾಡುವವಳು ಒಲೆಯ ಪಕ್ಕ ಕೊಡೆ ಹಿಡಿಯಬೇಕಾದ ಪರಿಸ್ಥಿತಿ. ನೆನೆದ ಮಣ್ಣಿನ ಭಾರಕ್ಕೆ ತೊಲೆ ಮುರಿದರೆ ಇಡೀ ಸೂರು ಮಲಗಿದವರ ಮೇಲೆ. ಉದುರುವ ಮಣ್ಣು, ಇಲಿ, ಹಾವು ಮೈಮೇಲೆ ಬೀಳದಿರಲೆಂದು ಮಾಡಿನ ಕೆಳಗೆ ಮಸ್ಲಿನ್ ಬಟ್ಟೆ ಕಟ್ಟುತ್ತಿದ್ದರು. ಕೈಯಲ್ಲಿ ನಾಲ್ಕು ಕಾಸು ಓಡಾಡಿದವರು ಗೋಡೆ ಹಾಗೇ ಬಿಟ್ಟು, ಮಾಡಿಗೆ ಹಲಗೆ ಹೊಡೆದು ಟಾರು ಕಾಗದ ಹಾಸಿ, ಅದರ ಮೇಲೆ ಮತ್ತೆ ಹೆಂಟೆ ಹೊದಿಸುತ್ತಿದ್ದರು.