ಸೂಟು ಕಳಚುವ ಹೊತ್ತು

ಎಬೋಲಾ ವಾರ್ಡಿನಲ್ಲಿ ಎಲ್ಲಕ್ಕಿಂತ ಅಪಾಯದ ಗಳಿಗೆ ಯಾವುದು? ರೋಗಿಯ ಪಕ್ಕ ನಿಂತಾಗ ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಈ ಕೆಲಸ ಕಲಿಸುವವರು ಇನ್ನೊಂದನ್ನು ಹೇಳುತ್ತಾರೆ. ಡ್ಯೂಟಿ ಮುಗಿದಿದೆ. ಮೈ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದೆ. ಗಾಗಲ್ಸ್ ಒಳಗೆಲ್ಲ ಹಬೆ ಕಟ್ಟಿದೆ. ಮೂಗು ಕೆರೆಯುತ್ತಿದೆ. ಒಮ್ಮೆ ಹೊರಗೆ ಬಂದು ಮುಖಕ್ಕೆ ಗಾಳಿ ಸೋಕಿದರೆ ಸಾಕಪ್ಪಾ ಅನ್ನಿಸುತ್ತಿದೆ. ಆಗ ಮೈಯೆಲ್ಲ ಮುಚ್ಚುವ ಆ ರಕ್ಷಣಾ ಸೂಟು ಕಳಚಬೇಕು. ಅವರು ಹೆದರುವುದು ಆ ಹೊತ್ತಿಗೆ.

ಎಬೋಲಾ ವೈರಸ್ ಫ್ಲೂ ಥರ ಗಾಳಿಯಲ್ಲಿ ತೇಲಿ ಬಂದು ಹಿಡಿಯುವುದಲ್ಲ. ರೋಗಿಯ ರಕ್ತ, ವಾಂತಿ, ಭೇದಿಯಲ್ಲಿ ಅದು ಇರುತ್ತದೆ. ಗಾಯವಾದ ಚರ್ಮ, ಕಣ್ಣು, ಮೂಗು, ಬಾಯಿ ಅದಕ್ಕೆ ಬಾಗಿಲು. ಲಕ್ಷಣ ಕಾಣಿಸಿಕೊಳ್ಳುವ ಮುಂಚೆ ಅದು ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಕಾಯಿಲೆ ಬಲಿತಷ್ಟೂ ರಕ್ತದಲ್ಲಿ ವೈರಸ್ ಏರುತ್ತದೆ. ಹಾಗಾಗಿ ಹಾಸಿಗೆ ಹಿಡಿದವರನ್ನು ಎತ್ತಿ, ಒರೆಸಿ, ನೀರು ಕುಡಿಸುವವರಿಗೇ ಅಪಾಯ ಜಾಸ್ತಿ. ಮನೆಯಲ್ಲಿ ಅದು ತಾಯಿ, ಆಸ್ಪತ್ರೆಯಲ್ಲಿ ನರ್ಸ್.

ಸೂಟಿನ ಹೊರಮೈಯಲ್ಲಿ ಏನು ಅಂಟಿದೆ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಾಣಿಸಲು ತರಬೇತಿಯಲ್ಲಿ ಒಂದು ಉಪಾಯ ಇಟ್ಟುಕೊಂಡಿದ್ದಾರೆ. ಅಲ್ಟ್ರಾವಯೊಲೆಟ್ ದೀಪದಡಿ ಮಾತ್ರ ಹೊಳೆಯುವ ಪುಡಿಯನ್ನೋ ದ್ರವವನ್ನೋ ಸೂಟಿಗೆ ಬಳಿಯುತ್ತಾರೆ. ಕಲಿಯುವವರು ಹೇಳಿಕೊಟ್ಟಂತೆ ಕಳಚುತ್ತಾರೆ. ಎಲ್ಲ ಸರಿಯಾಗೇ ಆಯಿತು ಅಂದುಕೊಳ್ಳುತ್ತಾರೆ. ಆಮೇಲೆ ಕೋಣೆ ಕತ್ತಲು ಮಾಡಿ ದೀಪ ಹಿಡಿಯುತ್ತಾರೆ. ಮಣಿಕಟ್ಟಿನ ಹತ್ತಿರ ಒಂದು ಗೆರೆ ಹೊಳೆಯುತ್ತದೆ. ಕಿವಿಯ ಹಿಂದೆ ಒಂದು ಚುಕ್ಕೆ. ಕೆಲವೊಮ್ಮೆ ಕೆನ್ನೆಯ ಮೇಲೆ ಬೆರಳಿನ ಗುರುತು. ಆ ಬೆರಳು ಯಾವಾಗ ಮುಖಕ್ಕೆ ಹೋಯಿತು ಅನ್ನುವುದು ಅವರಿಗೇ ಗೊತ್ತಿರುವುದಿಲ್ಲ.

ಆದ್ದರಿಂದ ಕಳಚುವಾಗ ಯಾರೂ ಒಬ್ಬರೇ ಇರುವಂತಿಲ್ಲ. ಎದುರಿಗೆ ಇನ್ನೊಬ್ಬರು ನಿಂತು ಒಂದೊಂದೇ ಹೆಜ್ಜೆಯನ್ನು ಗಟ್ಟಿಯಾಗಿ ಹೇಳುತ್ತಾರೆ. ಗ್ಲೌಸ್ ತೊಳೆಯಿರಿ. ಏಪ್ರನ್ ಬಿಚ್ಚಿ. ಮತ್ತೆ ತೊಳೆಯಿರಿ. ಹೊರಗಿನ ಗ್ಲೌಸ್ ತೆಗೆಯಿರಿ. ಸೂಟನ್ನು ಒಳಮೈ ಹೊರಗೆ ಬರುವಂತೆ ಸುರುಳಿ ಸುತ್ತುತ್ತಾ ಕೆಳಗಿಳಿಸಬೇಕು. ಗಾಗಲ್ಸ್ ತೆಗೆಯುವಾಗ ಮುಂದಕ್ಕೆ ಬಾಗಿ, ಕಣ್ಣು ಮುಚ್ಚಿ, ತಲೆಯ ಹಿಂದಿನ ಪಟ್ಟಿ ಹಿಡಿದು ಎತ್ತಬೇಕು. ಮಾಸ್ಕಿನ ಮುಂಭಾಗವನ್ನು ಮುಟ್ಟಲೇಬಾರದು. ಕೊನೆಗೆ ಒಳಗಿನ ಗ್ಲೌಸ್, ಆಮೇಲೆ ಬರಿಗೈ ತೊಳೆತ. ಗ್ಲೌಸ್‌ ಮತ್ತು ನೆಲಕ್ಕೆ ಬಳಸುವ ಕ್ಲೋರಿನ್ ನೀರು ಶೇಕಡಾ 0.5ರದ್ದು. ಬರಿಗೈಗೆ ಅದರ ಹತ್ತನೇ ಒಂದು ಪಾಲು, ಶೇಕಡಾ 0.05 ಸಾಕು. ಎರಡೂ ಬಕೆಟ್ ನೋಡಲು ಒಂದೇ ಥರ ಇರುತ್ತವೆ, ಹಾಗಾಗಿ ಮೇಲೆ ದಪ್ಪಕ್ಷರದಲ್ಲಿ ಬರೆದಿಡುತ್ತಾರೆ.

ಬುದ್ಧಿಗೆ ಇದೆಲ್ಲ ಒಂದು ಪಾಠದಲ್ಲಿ ತಿಳಿಯುತ್ತದೆ. ಕೈಗೆ ತಿಳಿಯಬೇಕಾದರೆ ಮತ್ತೆ ಮತ್ತೆ ಮಾಡಬೇಕು. ನರ್ಸ್‌ ಆದವರು ವರ್ಷಗಟ್ಟಲೆ ಚುರುಕಾಗಿರುವುದನ್ನೇ ಕಲಿತಿರುತ್ತಾರೆ. ಯಾರಾದರೂ ಬಿದ್ದರೆ ಓಡಿಹೋಗಿ ಹಿಡಿಯುತ್ತಾರೆ. ಇಲ್ಲಿ ಓಡಬಾರದು. ನನ್ನ ಪ್ರಕಾರ ಇಡೀ ತರಬೇತಿಯಲ್ಲಿ ಕಷ್ಟದ್ದು ಇದೇ. ಕರುಣೆಯಿಂದ ತಾನಾಗೇ ಮುಂದೆ ಚಾಚುವ ಕೈಯನ್ನು ಒಂದು ಕ್ಷಣ ತಡೆಯಬೇಕು.

ಹೀಗೆ ತಡೆಯಲು ಹೇಳಿಕೊಡುವವರಿಲ್ಲದೆ ಎಷ್ಟು ಜೀವ ಹೋಗಿವೆ ನೋಡಿ. 1976ರಲ್ಲಿ ಈಗಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಯಂಬುಕು ಅನ್ನುವ ಹಳ್ಳಿಯಲ್ಲಿ ಈ ರೋಗ ಕಾಣಿಸಿಕೊಂಡಿತು. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ರೋಗಿಗಳಿಗೆ ಚುಚ್ಚಲು ದಿನಕ್ಕೆ ಐದೇ ಸಿರಿಂಜ್ ಕೊಡುತ್ತಿದ್ದರು. ಅವನ್ನೇ ನೀರಿನಲ್ಲಿ ಜಾಲಾಡಿಸಿ ಮತ್ತೊಬ್ಬರಿಗೆ ಚುಚ್ಚುತ್ತಿದ್ದರು. 318 ಜನಕ್ಕೆ ಕಾಯಿಲೆ ಬಂದು 280 ಜನ ಸತ್ತರು. ಆಸ್ಪತ್ರೆಯ 17 ಸಿಬ್ಬಂದಿಯಲ್ಲಿ 11 ಜನ ಉಳಿಯಲಿಲ್ಲ.

1995ರಲ್ಲಿ ಅದೇ ದೇಶದ ಕಿಕ್ವಿಟ್‌ನಲ್ಲಿ ಆದದ್ದು ಇನ್ನೊಂದು ಬಗೆಯದು. ಒಬ್ಬ ಲ್ಯಾಬ್ ಸಿಬ್ಬಂದಿಗೆ ಜ್ವರ, ಹೊಟ್ಟೆನೋವು. ಕರುಳು ತೂತಾಗಿರಬಹುದು ಅಂದುಕೊಂಡು ಆಪರೇಷನ್ ಮಾಡಿದರು. ಇದ್ದದ್ದು ಎಬೋಲಾ. ಆಪರೇಷನ್ ಮಾಡಿದ ತಂಡವೇ ಒಬ್ಬರ ಹಿಂದೊಬ್ಬರು ಹಾಸಿಗೆ ಹಿಡಿಯಿತು. ಆ ಸಲ ರೋಗ ತಗುಲಿದ 315 ಜನರಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಆರೋಗ್ಯ ಕಾರ್ಯಕರ್ತರೇ ಆಗಿದ್ದರು.

2014ರಿಂದ 2016ರವರೆಗೆ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ ಹಬ್ಬಿದ್ದು ಎಲ್ಲಕ್ಕಿಂತ ದೊಡ್ಡದು. 28,600ಕ್ಕೂ ಹೆಚ್ಚು ಜನಕ್ಕೆ ತಗುಲಿ 11,300ಕ್ಕೂ ಹೆಚ್ಚು ಜನ ತೀರಿಕೊಂಡರು. ಸಾಮಾನ್ಯ ವಯಸ್ಕರಿಗಿಂತ ಆರೋಗ್ಯ ಕಾರ್ಯಕರ್ತರಿಗೆ ರೋಗ ತಗುಲುವ ಸಂಭವ 21ರಿಂದ 32 ಪಟ್ಟು ಜಾಸ್ತಿ ಇತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಲೆಕ್ಕ ಹಾಕಿತು. ಸಿಯೆರಾ ಲಿಯೋನ್‌ನ ಕೆನೆಮಾ ಆಸ್ಪತ್ರೆಯ ಡಾ. ಶೇಖ್ ಉಮರ್ ಖಾನ್ ಎಬೋಲಾ ಥರವೇ ರಕ್ತಸ್ರಾವ ತರಬಲ್ಲ ಲಾಸ್ಸಾ ಜ್ವರದ ತಜ್ಞರು. ಇಂಥ ವೈರಸ್ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದವರು. 2014ರ ಜುಲೈನಲ್ಲಿ ಅವರೂ ಎಬೋಲಾದಿಂದಲೇ ತೀರಿಕೊಂಡರು. ಅವರಿಗೇ ಹೀಗಾದ ಮೇಲೆ ಜಾಗ್ರತೆಯನ್ನು ಒಬ್ಬೊಬ್ಬರ ಜಾಣ್ಮೆಗೆ ಬಿಡುವಂತಿಲ್ಲ ಅನ್ನುವುದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಕಟ್ಟಡ, ನೀರು, ಸಿಬ್ಬಂದಿಯ ಸಂಖ್ಯೆ, ಎಲ್ಲವೂ ಅದಕ್ಕೆ ಒದಗಬೇಕು.

ಆ ದಿನಗಳಲ್ಲಿ ಹೆಚ್ಚಿನ ಕಾರ್ಯಕರ್ತರಿಗೆ ರೋಗ ತಗುಲಿದ್ದು ಎಬೋಲಾ ಕೇಂದ್ರಗಳಲ್ಲಿ ಅಲ್ಲ, ಮಾಮೂಲಿ ವಾರ್ಡುಗಳಲ್ಲಿ. ಯಾಕೆಂದರೆ ಮೊದಲ ದಿನಗಳಲ್ಲಿ ಈ ಕಾಯಿಲೆಗೆ ಅದರದ್ದೇ ಆದ ಮುಖವಿಲ್ಲ. ಜ್ವರ, ತಲೆನೋವು, ಸುಸ್ತು, ಮೈಕೈ ನೋವು. ಮಲೇರಿಯಾ ಇರಬಹುದು, ಟೈಫಾಯ್ಡ್ ಇರಬಹುದು. ರಕ್ತಸ್ರಾವ ಅಂದರೆ ಎಬೋಲಾ ಅಂತ ಜನ ನಂಬಿದ್ದಾರೆ. ಎಷ್ಟೋ ರೋಗಿಗಳಲ್ಲಿ ಅದು ಕಾಣಿಸಿಕೊಳ್ಳುವುದೇ ಇಲ್ಲ. ಪರೀಕ್ಷೆಯನ್ನೂ ಸುಮ್ನೆ ನಂಬಿ ಕೂರುವ ಹಾಗಿಲ್ಲ. ಲಕ್ಷಣ ಶುರುವಾಗಿ ಮೂರು ದಿನ ಆಗುವ ಮುಂಚೆ ರಕ್ತ ತೆಗೆದರೆ ವೈರಸ್‌ನ ಜೀನ್ ಹುಡುಕುವ ಪಿಸಿಆರ್ ಪರೀಕ್ಷೆಗೆ ಅದು ಸಿಗದೇ ಇರಬಹುದು. ಮೊದಲ ಫಲಿತಾಂಶ ನೆಗೆಟಿವ್ ಬಂದಿದ್ದರೂ ಅನುಮಾನ ಇದ್ದರೆ 72 ಗಂಟೆ ಕಳೆದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಬೇಕು. ಅಲ್ಲಿಯವರೆಗೆ ಆ ರೋಗಿಯನ್ನು ರೋಗ ಖಚಿತವಾದವರ ಜೊತೆ ಮಲಗಿಸುವಂತಿಲ್ಲ. ಹಾಗೆ ಮಲಗಿಸಿದರೆ ಬರೀ ಮಲೇರಿಯಾ ಇದ್ದವರಿಗೆ ನಾವೇ ಎಬೋಲಾ ಅಂಟಿಸಿದಂತಾಗುತ್ತದೆ.

ಆದ್ದರಿಂದ ರೋಗ ಗುರುತಿಸುವ ಪಾಠ ಲ್ಯಾಬಿನಲ್ಲಿ ಅಲ್ಲ, ಬಾಗಿಲಲ್ಲಿ ಶುರುವಾಗುತ್ತದೆ. ಕಳೆದ 21 ದಿನಗಳಲ್ಲಿ ಎಲ್ಲಿಗೆ ಹೋಗಿದ್ದಿರಿ? ಮನೆಯಲ್ಲಿ ಯಾರಿಗಾದರೂ ಹುಷಾರಿರಲಿಲ್ಲವೇ? ಯಾರದ್ದಾದರೂ ಅಂತ್ಯಕ್ರಿಯೆಗೆ ಹೋಗಿ ಹೆಣ ಮುಟ್ಟಿದಿರಾ? ವೈರಸ್ ಮೈಯೊಳಗೆ ಹೊಕ್ಕ ಮೇಲೆ ಲಕ್ಷಣ ಕಾಣಲು 2ರಿಂದ 21 ದಿನ ಬೇಕು. ಆ ಪ್ರಶ್ನೆಯ ಲೆಕ್ಕ ಅಲ್ಲಿಂದ ಬಂದದ್ದು.

2014ರ ಜುಲೈನಲ್ಲಿ ನೈಜೀರಿಯಾದ ಲಾಗೋಸ್‌ನಲ್ಲಿ ಡಾ. ಅಮೆಯೋ ಸ್ಟೆಲ್ಲಾ ಅಡಾಡೆವೋ ಮಾಡಿದ್ದು ಇದನ್ನೇ. ಲೈಬೀರಿಯಾದಿಂದ ಬಂದಿದ್ದ ಒಬ್ಬ ರೋಗಿಗೆ ಮಲೇರಿಯಾ ಅಂತ ಚಿಕಿತ್ಸೆ ನಡೆದಿತ್ತು. ನೈಜೀರಿಯಾದಲ್ಲಿ ಅದುವರೆಗೆ ಒಂದೂ ಎಬೋಲಾ ಪ್ರಕರಣ ಕಂಡಿರಲಿಲ್ಲ. ಆದರೂ ಅವರು ಅನುಮಾನಪಟ್ಟರು, ಪರೀಕ್ಷೆಗೆ ಕಳಿಸಿದರು. ಡಿಸ್ಚಾರ್ಜ್ ಮಾಡಿ ಅನ್ನುವ ಒತ್ತಡಕ್ಕೆ ಮಣಿಯಲಿಲ್ಲ. ಆ ದೊಡ್ಡ ಊರಿಗೆ ಕಾಯಿಲೆ ಹಬ್ಬಲಿಲ್ಲ. ನೈಜೀರಿಯಾದಲ್ಲಿ ಒಟ್ಟು 20 ಜನಕ್ಕೆ ತಗುಲಿ 8 ಜನ ತೀರಿಕೊಂಡರು. ಆ ಎಂಟು ಜನರಲ್ಲಿ ಅವರೂ ಒಬ್ಬರು. ಈ ಭಾಗ ಬರೆಯುವಾಗ ನನಗೆ ಗಂಟಲು ಕಟ್ಟುತ್ತದೆ.

ಇನ್ನು ಆರೈಕೆ. ತೀವ್ರ ವಾಂತಿ ಭೇದಿಯಾದವರ ಮೈಯಿಂದ ದಿನಕ್ಕೆ ಹಲವು ಲೀಟರ್ ನೀರು ಹೋಗುತ್ತದೆ. ಅದನ್ನು ಓಆರ್‌ಎಸ್‌ನಿಂದಲೋ ಡ್ರಿಪ್‌ನಿಂದಲೋ ತುಂಬಬೇಕು, ರಕ್ತದಲ್ಲಿನ ಪೊಟ್ಯಾಸಿಯಂ ಮಟ್ಟ ನೋಡಿಕೊಳ್ಳಬೇಕು. ಆದರೆ ಸೆಕೆಯ ಊರಲ್ಲಿ ಆ ಸೂಟಿನೊಳಗೆ ಒಂದು ಗಂಟೆ ಕಳೆಯುವುದೇ ಕಷ್ಟ. ಹಾಗಾಗಿ ಒಳಗೆ ಹೋಗುವ ಮುಂಚೆಯೇ ಯಾರಿಗೆ ಏನು ಕೊಡಬೇಕು, ಯಾವ ಹಾಸಿಗೆಗೆ ಮೊದಲು ಅಂತ ಬರೆದುಕೊಳ್ಳುತ್ತಾರೆ. ಇಬ್ಬಿಬ್ಬರಾಗಿಯೇ ಹೋಗುತ್ತಾರೆ. ಅನುಮಾನದ ರೋಗಿಗಳ ಕಡೆಯಿಂದ ಖಚಿತವಾದವರ ಕಡೆಗೆ ನಡೆಯಬಹುದು, ಹಿಂದಕ್ಕೆ ಬರುವಂತಿಲ್ಲ. ಚುಚ್ಚಿದ ಸೂಜಿಗೆ ಮುಚ್ಚಳ ಹಾಕುವಂತಿಲ್ಲ, ನೇರ ಡಬ್ಬಿಗೆ.

ಲೈಬೀರಿಯಾ, ಸಿಯೆರಾ ಲಿಯೋನ್‌ಗಳ ತರಬೇತಿಯಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದರು. ಎಬೋಲಾದಿಂದ ಬದುಕಿ ಬಂದವರನ್ನೇ ಕರೆಸಿ, ಅಣಕು ವಾರ್ಡಿನಲ್ಲಿ ರೋಗಿಗಳಾಗಿ ಮಲಗಿಸಿದರು. ಹಾಸಿಗೆಯಿಂದ ನೋಡಿದರೆ ಸೂಟು ಹೇಗೆ ಕಾಣುತ್ತದೆ ಅನ್ನುವುದು ಅವರಿಗೆ ಗೊತ್ತು. ಬರುವವರಿಗೆ ಮುಖವಿಲ್ಲ, ದನಿ ಮಾಸ್ಕಿನೊಳಗೆ ಮುಳುಗಿದೆ. ಕಲಿಯುವವರು ಏನು ಮಾಡಿದಾಗ ಹೆದರಿಕೆಯಾಯಿತು, ಏನು ಮಾಡಿದಾಗ ಸಮಾಧಾನವಾಯಿತು ಅಂತ ಅವರು ತಿದ್ದಿ ಹೇಳುತ್ತಿದ್ದರು. ಏಪ್ರನ್ ಮೇಲೆ ಮಾರ್ಕರಿನಿಂದ ದೊಡ್ಡದಾಗಿ ಹೆಸರು ಬರೆದುಕೊಳ್ಳುವುದು, ಏನು ಮಾಡುತ್ತೇನೆ ಅಂತ ಮೊದಲೇ ಹೇಳುವುದು ಸಣ್ಣ ವಿಷಯಗಳಲ್ಲ. ಭಯಪಟ್ಟ ರೋಗಿ ಕೊಸರಾಡಿದರೆ ಸೂಜಿ ಯಾರ ಕೈಗೆ ಚುಚ್ಚುತ್ತದೋ ಯಾರಿಗೆ ಗೊತ್ತು.

ಈಗ ಔಷಧವೂ ಇದೆ. 2018–19ರಲ್ಲಿ ಕಾಂಗೋದಲ್ಲಿ ಪರೀಕ್ಷಿಸಿದ ಎರಡು ಪ್ರತಿಕಾಯ ಔಷಧಗಳಿಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಅವುಗಳಲ್ಲಿ ಒಂದರ ಮೂಲ 1995ರಲ್ಲಿ ಕಿಕ್ವಿಟ್‌ನಲ್ಲಿ ಬದುಕುಳಿದ ಒಬ್ಬರ ರಕ್ತ. ರಕ್ತದಲ್ಲಿ ವೈರಸ್ ಇನ್ನೂ ಕಡಿಮೆ ಇದ್ದಾಗ ಬಂದು ಇವನ್ನು ಪಡೆದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಜನ ಉಳಿದರು. ಎರ್ವೆಬೊ ಲಸಿಕೆಯನ್ನು ಆರೋಗ್ಯ ಕಾರ್ಯಕರ್ತರಿಗೂ ಹಾಕುತ್ತಾರೆ. ಆದರೆ ಇವೆಲ್ಲ ಝೈರ್ ಬಗೆಯ ಎಬೋಲಾಕ್ಕೆ ಮಾತ್ರ. ಸುಡಾನ್ ಬಗೆಯದು ಬಂದರೆ ಇವನ್ನು ನಂಬಿಕೊಂಡು ಕೂರುವಂತಿಲ್ಲ, ಕೈಯ ಜಾಗ್ರತೆಯೇ ಬೇಕು.

ಬೇಗ ಬಂದವರು ಉಳಿಯುತ್ತಾರೆ, ನಿಜ. ಆದರೆ ಅವರು ಬೇಗ ಬರುವುದು ದೊಡ್ಡ ಕೇಂದ್ರಕ್ಕಲ್ಲ, ಹತ್ತಿರದ ಸಣ್ಣ ಆರೋಗ್ಯ ಕೇಂದ್ರಕ್ಕೆ. ಅಲ್ಲಿ ನಲ್ಲಿಯಲ್ಲಿ ನೀರು ಬರಬೇಕು. ಪೆಟ್ಟಿಗೆಯಲ್ಲಿ ಗ್ಲೌಸ್ ಇರಬೇಕು. ಅನುಮಾನ ಬಂದರೆ ರೋಗಿಯನ್ನು ಬೇರೆ ಕೂರಿಸಲು ಒಂದು ಕೋಣೆ ಬೇಕು. ವರ್ಷದ ಹಿಂದೆ ಒಮ್ಮೆ ಕಲಿತದ್ದು ಸಾಲದು, ಕೈ ಮರೆಯುವ ಮುಂಚೆ ಮತ್ತೆ ಕಲಿಸಬೇಕು. ಇಷ್ಟೆಲ್ಲ ಇದ್ದರೆ, ಜ್ವರ ಅಂತ ಬಂದವರ ಕೈ ಹಿಡಿದು ನಾಡಿ ನೋಡುವ ಮುಂಚೆ, ಅಲ್ಲಿನ ನರ್ಸ್ ಒಂದು ಮೀಟರ್ ದೂರದಲ್ಲೇ ಅವರನ್ನು ಕೂರಿಸಿ, ಮೊದಲ ಪ್ರಶ್ನೆ ಕೇಳುತ್ತಾರೆ.